ಕಿಲೋಕ್ಕ ಅರವತ್ತು

ಇಡೀ ತುಂಡು ಇನ್ನೂರಾ ಎಂಬತ್ತು,
ಅದನ್ನs ಖೀಮಾ ಮಾಡಿ ಕೊಟ್ಟರ ಮುನ್ನೂರಾ ನಲವತ್ತು.
ನನ್ನ ಗಂಡ ಅಂಗಡಿ ಹಲಗಿ ಓದಿಕೊಂಡು ಬಂದು
ಕ್ಯಾಲೆಂಡರಿನ ಬೆನ್ನಿಗೆ ಬರದ:
ಐತವಾರಕ್ಕ ಎರಡು ಕಿಲೋ. ಉಳಿತಾಯ ನೂರಾ ಇಪ್ಪತ್ತು.
ಕೆಳಗ ಎರಡು ಗೆರಿ ಎಳದ,
ಬ್ಯಾಂಕಿನವರು ಎಳದಂಗ.

ಮಷೀನು ಸಜ್ಜಾದ ಮ್ಯಾಲಿತ್ತು.
ಹಳೇ ಬಾಗಲಕೋಟಿ ನೀರಿಗೆ ಹೋಗೂ ಮುಂದ
ಲಾಲಸಾಬ ಮಾವ ಅಂಗಡಿಯಿಂದ ತಂದದ್ದು ಮೂರ ಸಾಮಾನು:
ಈ ಮಷೀನು, ಒಂದು ಹುಣಸೀ ಕೊರಡು,
ಮುಳ್ಳಿಲ್ಲದ ತಕ್ಕಡಿಯ ಎರಡು ಪರಡಿ.
ಮನೀಗೆ ಪರಿಹಾರ ಬಂತು, ಜಾಗಕ್ಕ ಬಂತು,
ಗಿರಾಕಿಗೆ ಯಾರೂ ರೊಕ್ಕ ಕಟ್ಟಲಿಲ್ಲ.
ನವನಗರದಾಗ ಅಂವ ಅಂಗಡಿ ಹಾಕಲಿಲ್ಲ.
ಕೇಳಿದರ, "ಇಲ್ಲಿ ಓಣಿಗೆ ಹೆಸರಿಲ್ಲ, ನಂಬರ ಅದಾವ.
ನಂಬರಿಗೆ ಹೆಂಗ ಸಲಾಮ ಹೇಳಲಿ" ಅಂತಿದ್ದ.

ಮೊದಲನೇ ಐತವಾರ
ಜಾಳಿಗಿ ಕಟ್ಟಿಕೊಂತು, ನಾರು ಸುತ್ತಿಕೊಂತು,
ಹಿಡಿಕಿ ತಿರುವಿ ತಿರುವಿ ರಟ್ಟಿ ಬಿದ್ದು ಹೋತು.
ಬಂದದ್ದು ಖೀಮಾ ಅಲ್ಲ, ರಾಡಿ.
ಮಾವ ಹೊರಸಿನ ಮ್ಯಾಲ ಕುಂತು ನೋಡಿದ.
ಕೆಮ್ಮಿದ. ಅಷ್ಟ.

ಎರಡನೇ ಐತವಾರ ಎದ್ದು ಬಂದ.
"ದೊಡ್ಡದಕ್ಕ ಅವಸರ ಆಗೂದಿಲ್ಲ, ಮಗಳ.
ಮೊದಲ ಬಿಳೀ ಪರಿ ಬಿಡಿಸು, ಉಳ್ಳಾಗಡ್ಡಿ ಸಿಪ್ಪಿ ಬಿಡಿಸಿದಂಗ.
ಎಳಿ ಯಾ ಕಡೆ ಹೊಂಟಾವ ನೋಡು,
ಹೊಳಿ ದಾಟಿದಂಗ ಅಡ್ಡ ಕೊಯ್ಯಿ, ಹರಿವಿನ ಗುಂಟ ಹೋಗಬ್ಯಾಡ.
ತುಂಡು ಫ್ರಿಜ್ಜಿನ ಮ್ಯಾಲಿನ ಖಾನೇದಾಗ ಇಡು,
ಬರ್ಫ ಆಗಬಾರದು, ಚಳೀಗೆ ಮೈ ಬಿಗಿಬೇಕು.
ಮಷೀನಿನ ಬಾಯೀನೂ ತಣ್ಣಗ ಇರಲಿ.
ಆರು ಪಾಲಿಗೆ ಒಂದು ಪಾಲು ಕೊಬ್ಬು.
ನಾರು ಒಗೀಬ್ಯಾಡ, ಅದು ಸೋಮವಾರದ ಸಾರು."
ಚಾಕು ನನ್ನ ಕೈಯಾಗಿತ್ತು,
ಅವನ ಕೈ ಗಾಳ್ಯಾಗ ಕೊಯ್ಯತಿತ್ತು,
ತುದಿಯಿಲ್ಲದ ಎರಡು ಬೆರಳೂ ಕೂಡಿ.

ನಾಕು ತಿಂಗಳಾತು.
ನನ್ನ ಬಲ ರಟ್ಟಿ ಎಡಕ್ಕಿಂತ ದಪ್ಪ ಆತು,
ಜಂಪರದ ತೋಳು ಬಿಚ್ಚಿ ಹೊಲಕೊಂಡೆ.
ಎದುರು ಮನಿ ಎಸ್ತೇರಮ್ಮ ತನ್ನದೂ ಒಂದು ಕಿಲೋ ತಂದಳು,
ಹಿಂದಿನ ಸಾಲಿನ ಮೌಲಾಬಿ ಸೆರಗಿನ ಮರ್ಯಾಗ ಡಬ್ಬಿ ತಂದಳು.
ಹತ್ತು ರೂಪಾಯಿ ಕೊಡಾಕ ಬಂದರ
"ಅಯ್ಯ, ತಿರುವೂದಕ್ಕ ಏನ ರೊಕ್ಕ" ಅಂದೆ.

ಕ್ಯಾಲೆಂಡರಿನ ಬೆನ್ನ ಮ್ಯಾಲ
ಸಾವಿರದ ಒಂಬೈನೂರಾ ಇಪ್ಪತ್ತು.
ಗಂಡ ಅದರಾಗ ಗಾಡೀಗೆ ಟೈರು ಹಾಕಿಸಿಕೊಂಡು ಬಂದ.
ಮನೀತುಂಬ ಹೊಸಾ ರಬ್ಬರಿನ ವಾಸನಿ.

ಉಣ್ಣೂ ಹೊತ್ತಿಗೆ ಮಾವ ಕೇಳಿದ,
"ಖೀಮಾಕ್ಕ ಅರವತ್ತು ಹೆಚ್ಚಿಗಿ ಯಾಕ ತೊಗೋತಾರ?"
"ಕೊಯ್ಯೂ ಕೂಲಿ, ಅಪ್ಪಾ."
"ಹೌದಲ್ಲ. ನಲವತ್ತು ವರ್ಷ ನಾ ತೊಗೊಂಡೀನಿ ಅದನ್ನ.
ಉಳಿತಾಯ ಅಂತ ಒಬ್ಬರೂ ಅಂದಿಲ್ಲ.
ಎಣಿಸಿ ಕೈಯಾಗ ಇಟ್ಟಾರ."
ರೊಟ್ಟಿ ಮುರಿಯೂ ಸಪ್ಪಳ ಬಿಟ್ಟರ ಏನೂ ಇಲ್ಲ.
ಗಂಡ ನನ್ನ ಮಾರಿ ನೋಡಲಿಲ್ಲ,
ರಟ್ಟಿ ನೋಡಿದ.

ಮುಂದಿನ ವಾರ ಕ್ಯಾಲೆಂಡರ ತಿರುವಿದೆ.
ಉಳಿತಾಯ ಅನ್ನೂ ಅಕ್ಷರದ ಮ್ಯಾಲ ಗೀಟು ಬಿದ್ದಿತ್ತು.
ಬಾಜೂಕ, ಸಣ್ಣಗ, ಅವನs ಅಕ್ಷರ:
ಬಾಕಿ.

ಮಷೀನು ತೊಳಿಯೂ ಮುಂಚೆ
ಒಂದು ಕಟಕ ರೊಟ್ಟಿ ಮುರದು ಹಾಕಿ ತಿರುವಬೇಕು.
ಗಂಟಲಾಗ ಸಿಕ್ಕೊಂಡ ಕಡೀ ಮಾಂಸ
ರೊಟ್ಟಿ ಪುಡಿ ಜೋಡಿ ಹೊರಗ ಬರತೈತಿ.
ಅದನ್ನ ಹಿಚುಕಿ ಮುಟಗಿ ಮಾಡಿ, ಹಂಚಿನ ಮ್ಯಾಲ ಸುಟ್ಟು
ಅದು ಕಸಾಬನ ಪಾಲು ಅಂತ
ಇಷ್ಟು ದಿನ ಮಾವಗ ಕೊಡತಿದ್ದೆ.
ಇವತ್ತ ತಾಟು ಹಿಂದಕ್ಕ ಸರಿಸಿದ.
ಕೊರಡಿನ ಬಾಜೂಕ ನಿಂತs ತಿಂದೆ,
ಬಿಸೀದು, ಒಂದೀಟು ಉಪ್ಪು ಕಡಿಮಿ.